ಟೈಟರ್ 6 ಬಂದಿದೆ, ಹಾಕಿಸಿದ ಲಸಿಕೆ ಎಲ್ಲಿ ಹೋಯಿತು?

ಪ್ರಶ್ನೆ: ಡಾಕ್ಟರಮ್ಮ, ನಮಸ್ಕಾರ. ನನ್ನ ಮಗಳಿಗೆ 18 ವರ್ಷ. ನರ್ಸಿಂಗ್ ಸೀಟು ಸಿಕ್ಕಿದೆ. ಹೆಪಟೈಟಿಸ್ ಬಿ ಟೈಟರ್ ಮಾಡಿಸಿಕೊಂಡು ಬನ್ನಿ ಎಂದು ಕಾಲೇಜಿನವರು ಹೇಳಿದ್ದರು, ಮಾಡಿಸಿದೆವು. 6 ಬಂದಿದೆ. ಪಕ್ಕದಲ್ಲಿ ‘ರಕ್ಷಣೆ ಇಲ್ಲ’ ಎಂದು ಬರೆದಿದ್ದಾರೆ. ಅವಳು ಹುಟ್ಟಿದ ದಿನವೇ ಮೊದಲ ಡೋಸ್ ಹಾಕಿಸಿದ್ದೆ. ಆಮೇಲಿನದ್ದು ಒಂದೂ ತಪ್ಪಿಲ್ಲ, ಕಾರ್ಡು ಈಗಲೂ ನನ್ನ ಹತ್ತಿರ ಇದೆ. ಹಾಗಾದರೆ ಇಷ್ಟು ವರ್ಷ ನನ್ನ ಮಗಳು ರಕ್ಷಣೆಯೇ ಇಲ್ಲದೆ ಓಡಾಡಿದಳಾ? ಎಲ್ಲವನ್ನೂ ಮೊದಲಿನಿಂದ ಹಾಕಿಸಿ ಎಂದು ಒಬ್ಬರು ಹೇಳುತ್ತಾರೆ, ಏನೂ ಬೇಡ ಎಂದು ಇನ್ನೊಬ್ಬರು. 11 ವರ್ಷದ ಮಗನೂ ಇದ್ದಾನೆ. ಅವನಿಗೂ ಟೆಸ್ಟ್ ಮಾಡಿಸಲಾ? ಎರಡು ದಿನದಿಂದ ಸರಿಯಾಗಿ ನಿದ್ದೆ ಬರುತ್ತಿಲ್ಲ.
— ಒಬ್ಬ ತಾಯಿ

ಉತ್ತರ: ಅಮ್ಮಾ, ಇಲ್ಲ. ನಿಮ್ಮ ಮಗಳು ರಕ್ಷಣೆ ಇಲ್ಲದೆ ಓಡಾಡಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇವತ್ತಾದರೂ ನೀವು ನಿದ್ದೆ ಮಾಡಿ. ಉಳಿದದ್ದನ್ನು ನಿಧಾನವಾಗಿ ಓದಿ.

ಇಂಥ ಪತ್ರಗಳು ನನಗೆ ವರ್ಷಕ್ಕೆ ಹತ್ತಾರು ಬರುತ್ತವೆ. ಕಾಲೇಜು ಶುರುವಾಗುವ ತಿಂಗಳಲ್ಲಿ ಜಾಸ್ತಿ. ಎಲ್ಲದರಲ್ಲೂ ಅದೇ ಕಥೆ. ಹುಟ್ಟಿದಾಗ ಲಸಿಕೆ ಆಗಿದೆ, ಕಾರ್ಡು ಇದೆ, ಈಗ ಟೈಟರ್ 10ಕ್ಕಿಂತ ಕಡಿಮೆ. ತಾಯಂದಿರು ತಮ್ಮದೇ ತಪ್ಪು ಎಂಬಂತೆ ಬರೆಯುತ್ತಾರೆ. ಹುಟ್ಟಿದ ದಿನವೇ ಮೊದಲ ಡೋಸ್ ಹಾಕಿಸಿದ ತಾಯಿ ನೀವು. ಮಗಳಿಗೆ ಅದಕ್ಕಿಂತ ಒಳ್ಳೆಯದನ್ನು ಆ ದಿನ ಯಾರೂ ಮಾಡಲು ಸಾಧ್ಯವಿರಲಿಲ್ಲ.

ಹೆಪಟೈಟಿಸ್ ಬಿ ಎಂದರೆ ಲಿವರಿಗೆ ತಗುಲುವ ವೈರಸ್. ಈಗ ಟೈಟರ್ ಎಂದರೆ ಏನು ಅಂತ ನೋಡೋಣ. ಆಂಟಿ-ಎಚ್‌ಬಿಎಸ್ ಎಂಬ ಪ್ರತಿಕಾಯ, ಅಂದರೆ ಈ ವೈರಸ್ಸನ್ನು ತಡೆಯಲು ಮೈ ತಯಾರಿಸಿದ ಅಸ್ತ್ರ, ಇವತ್ತು ರಕ್ತದಲ್ಲಿ ಎಷ್ಟು ಓಡಾಡುತ್ತಿದೆ ಎಂಬ ಲೆಕ್ಕ ಅದು, ಅಷ್ಟೇ. ಲಸಿಕೆ ಮುಗಿದು ಒಂದೆರಡು ತಿಂಗಳಿಗೆ ಅಳೆದಾಗ ಅದು 10 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಲಸಿಕೆ ಹಿಡಿದಿದೆ ಎಂದರ್ಥ. ಮೂರು ಡೋಸ್ ಪೂರ್ತಿ ಆದ ಆರೋಗ್ಯವಂತ ಮಕ್ಕಳಲ್ಲಿ 100ಕ್ಕೆ 95ಕ್ಕೂ ಹೆಚ್ಚು ಮಕ್ಕಳಿಗೆ ಹಿಡಿಯುತ್ತದೆ. ಆಮೇಲೆ ಆ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಇಳಿಯುವುದೇ ಅದರ ಸ್ವಭಾವ. ಲಸಿಕೆ ಚೆನ್ನಾಗಿ ಹಿಡಿದಿದ್ದ ಮಕ್ಕಳಲ್ಲೂ 5ರಿಂದ 15 ವರ್ಷ ಕಳೆದ ಮೇಲೆ ನೋಡಿದರೆ 100ಕ್ಕೆ 15ರಿಂದ 50 ಮಂದಿಯಲ್ಲಿ ಪ್ರತಿಕಾಯ ತೀರಾ ಕಡಿಮೆ ಇರುತ್ತದೆ, ಇಲ್ಲವೇ ಕಾಣುವುದೇ ಇಲ್ಲ. ಹುಟ್ಟಿದ ಕೂಡಲೇ ಹಾಕಿಸಿಕೊಂಡವರಲ್ಲಿ, ದೊಡ್ಡವರಾದ ಮೇಲೆ ಹಾಕಿಸಿಕೊಂಡವರಿಗಿಂತ ಬೇಗ ಇಳಿಯುತ್ತದೆ. ಹಾಗಾಗಿ 18 ವರ್ಷದ ಹುಡುಗಿಗೆ 6 ಬಂದದ್ದು ನನಗೆ ಸ್ವಲ್ಪವೂ ಆಶ್ಚರ್ಯವಲ್ಲ.

ಆದರೆ ಲಸಿಕೆ ಮೈಗೆ ಕೊಡುವುದು ಪ್ರತಿಕಾಯ ಒಂದನ್ನೇ ಅಲ್ಲ. ನೆನಪನ್ನೂ ಕೊಡುತ್ತದೆ. ಈ ವೈರಸ್ಸಿನ ಹೊರಗವಚ ಹೇಗಿರುತ್ತದೆ ಎಂದು ಗುರುತಿಟ್ಟುಕೊಂಡ ಜೀವಕೋಶಗಳು ಸುಮ್ಮನೆ ಕುಳಿತಿರುತ್ತವೆ. ಅವನ್ನು ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಎಣಿಸಲು ಬರುವುದಿಲ್ಲ. ಲ್ಯಾಬಿನ ಕಾಗದದಲ್ಲಿ ಅವಕ್ಕೊಂದು ಸಾಲಿಲ್ಲ. ತೊಂದರೆ ಆಗಿರುವುದೇ ಅಲ್ಲಿ.

ನಾನು ಪೋಷಕರಿಗೆ ಮಗ್ಗಿಯ ಮಾತು ಹೇಳುತ್ತೇನೆ. ಚಿಕ್ಕವರಿದ್ದಾಗ ಬಾಯಿಪಾಠ ಮಾಡಿದ್ದೇವೆ. ಈಗ ದಿನಾ ಹೇಳಿಕೊಳ್ಳುತ್ತೇವಾ? ಇಲ್ಲ. ಆದರೆ ಹದಿಮೂರೇಳ್ಲಿ ಎಷ್ಟು ಎಂದು ಯಾರಾದರೂ ಕೇಳಲಿ. ಒಂದು ಕ್ಷಣ ತಡವರಿಸುತ್ತೇವೆ, ಆಮೇಲೆ ತೊಂಬತ್ತೊಂದು ಎಂದು ಬಾಯಿಗೆ ಬರುತ್ತದೆ. ಟೈಟರ್ ಟೆಸ್ಟ್ ನೋಡುವುದು ಮಗು ಈ ಹೊತ್ತಿನಲ್ಲಿ ಮಗ್ಗಿ ಹೇಳುತ್ತಿದೆಯೇ ಎಂದು ಮಾತ್ರ. ಗೊತ್ತಿದೆಯೇ ಎಂದು ಅದು ಕೇಳುವುದೇ ಇಲ್ಲ.

ಆ ತಡವರಿಸುವ ಕ್ಷಣದಲ್ಲಿ ವೈರಸ್ ಗೆದ್ದುಬಿಟ್ಟರೆ? ಗೆಲ್ಲುವುದಿಲ್ಲ. ಹೆಪಟೈಟಿಸ್ ಬಿ ನಿಧಾನದ ವೈರಸ್. ಮೈಯೊಳಗೆ ಬಂದು ಕಾಯಿಲೆ ತೋರಿಸಲು ಸಾಮಾನ್ಯವಾಗಿ 60ರಿಂದ 150 ದಿನ ಬೇಕು. ನೆನಪಿನ ಕೋಶಗಳು ಎಚ್ಚರವಾಗಿ ಪ್ರತಿಕಾಯ ತಯಾರಿಸಲು ಕೆಲವೇ ದಿನ ಸಾಕು. ಹಾಗಾಗಿ ಟೈಟರ್ ಇಳಿದ ಮಕ್ಕಳಿಗೆ ವೈರಸ್ ತಗುಲಿದರೂ ಹೆಚ್ಚಿನವರಲ್ಲಿ ಅದು ಸದ್ದಿಲ್ಲದೆ ಬಂದು ಹೋಗುತ್ತದೆ. ರಕ್ತದಲ್ಲಿ ಒಂದು ಗುರುತು ಉಳಿಯಬಹುದು. ಕಾಯಿಲೆ ಬೀಳುವುದಿಲ್ಲ, ಲಿವರಿನಲ್ಲಿ ವೈರಸ್ ಮನೆ ಮಾಡುವುದಿಲ್ಲ.

ಇನ್ನೊಂದು ವಿಷಯ ನಿಮಗೆ ಗೊತ್ತಿರಲಿ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಈ ವೈರಸ್ ಯಾವ ವಯಸ್ಸಿನಲ್ಲಿ ತಗುಲಿತು ಎಂಬುದರ ಮೇಲೆ ಎಲ್ಲ ನಿಂತಿದೆ. ಹುಟ್ಟುವಾಗ ತಾಯಿಯಿಂದ ತಗುಲಿದರೆ 10ರಲ್ಲಿ 9 ಶಿಶುಗಳಿಗೆ ಅದು ಶಾಶ್ವತವಾಗಿ ಉಳಿಯುತ್ತದೆ. ಮುಂದೆ ಸಿರೋಸಿಸ್ (ಲಿವರ್ ಗಟ್ಟಿಯಾಗಿ ಕೆಡುವುದು), ಲಿವರ್ ಕ್ಯಾನ್ಸರ್ ಎಲ್ಲ ಬರುವುದು ಹೀಗೆ ಉಳಿದುಕೊಂಡವರಲ್ಲೇ ಹೆಚ್ಚು. ಅದೇ ಆರೋಗ್ಯವಂತ ದೊಡ್ಡವರಿಗೆ ತಗುಲಿದರೆ 100ಕ್ಕೆ 5ಕ್ಕಿಂತ ಕಡಿಮೆ ಮಂದಿಯಲ್ಲಿ ಮಾತ್ರ ಉಳಿಯುತ್ತದೆ. ಈಗ ನಿಮ್ಮ ಮಗಳ ಕಾರ್ಡು ತೆಗೆದು ನೋಡಿ. ವೈರಸ್ ಅತಿ ಅಪಾಯದ್ದಾಗಿದ್ದ ಆ ಮೊದಲ ವರ್ಷಗಳಲ್ಲೇ ಅವಳ ಪ್ರತಿಕಾಯ ಅತಿ ಹೆಚ್ಚಿತ್ತು. ಅಪಾಯ ಇಳಿಯುತ್ತಾ ಬಂದಂತೆ ಅದೂ ಇಳಿಯಿತು. ಲಸಿಕೆ ಎಲ್ಲಿ ಹೋಯಿತು ಎಂದು ಕೇಳಬೇಡಿ, ಅದು ಮಾಡಬೇಕಾದ ಕೆಲಸವನ್ನು ಮಾಡಬೇಕಾದ ಹೊತ್ತಿಗೆ ಮಾಡಿದೆ.

ನೆನಪು ಉಳಿದಿರುತ್ತದೆ ಅನ್ನುವುದು ಬರೀ ನಂಬಿಕೆಯಲ್ಲ. ಪರೀಕ್ಷಿಸಿ ನೋಡಿದ್ದಾರೆ. ಅಲಾಸ್ಕಾದ ಮೂಲನಿವಾಸಿಗಳ ಹಳ್ಳಿಗಳಲ್ಲಿ ಈ ಕಾಯಿಲೆ ತುಂಬಾ ಇತ್ತು. 1981ರಲ್ಲಿ ಅಲ್ಲಿನ 15 ಹಳ್ಳಿಗಳಲ್ಲಿ ಆರು ತಿಂಗಳ ಮಗುವಿನಿಂದ ಹಿಡಿದು ದೊಡ್ಡವರ ತನಕ 1,578 ಮಂದಿಗೆ ಲಸಿಕೆ ಹಾಕಿದರು. ಆಮೇಲೆ ಅವರನ್ನು ಬಿಡಲಿಲ್ಲ, ಮತ್ತೆ ಮತ್ತೆ ಹೋಗಿ ರಕ್ತ ನೋಡುತ್ತಾ ಬಂದರು. 30 ವರ್ಷ ಆದ ಮೇಲೆ, ಮೊದಲು ಲಸಿಕೆ ಹಿಡಿದಿದ್ದು ನಡುವೆ ಒಂದೂ ಹೆಚ್ಚುವರಿ ಡೋಸ್ ಪಡೆಯದ 243 ಮಂದಿ ಸಿಕ್ಕಿದರು. ಅವರಲ್ಲಿ 125 ಮಂದಿಯ ಟೈಟರ್ ಇನ್ನೂ 10ರ ಮೇಲಿತ್ತು. ಉಳಿದವರಲ್ಲಿ ಸಿಕ್ಕ 85 ಮಂದಿಗೆ ಒಂದೇ ಒಂದು ಡೋಸ್ ಕೊಟ್ಟು ಒಂದು ತಿಂಗಳು ಬಿಟ್ಟು ನೋಡಿದರು. 75 ಮಂದಿಯಲ್ಲಿ ಟೈಟರ್ 10 ದಾಟಿತ್ತು. 30 ವರ್ಷದ ಹಿಂದಿನ ಮಗ್ಗಿ!

ಉಳಿದ 10 ಮಂದಿಯನ್ನೂ ನಾನು ಮರೆಯುವುದಿಲ್ಲ. ಎಲ್ಲರಲ್ಲೂ ನೆನಪು ಒಂದೇ ಸಮನಾಗಿ ಉಳಿಯುವುದಿಲ್ಲ ಎಂಬುದು ನಿಜ. ಈ ಕಾರಣಕ್ಕೇ ಕೆಲವರಲ್ಲಿ ಪರೀಕ್ಷೆ ಬೇಕಾಗುತ್ತದೆ, ಅದನ್ನು ಮುಂದೆ ಹೇಳುತ್ತೇನೆ.

ತೈವಾನ್ ಕಥೆ ಇನ್ನೂ ದೊಡ್ಡದು. ಅಲ್ಲಿ 10 ಮಕ್ಕಳಲ್ಲಿ ಸುಮಾರು ಒಂದು ಮಗುವಿನ ರಕ್ತದಲ್ಲಿ ಈ ವೈರಸ್ ಇತ್ತು. 1984ರಲ್ಲಿ ವೈರಸ್ ಇರುವ ತಾಯಂದಿರ ಶಿಶುಗಳಿಗೆ ಲಸಿಕೆ ಶುರು ಮಾಡಿ, ಎರಡು ವರ್ಷದಲ್ಲಿ ಎಲ್ಲ ಶಿಶುಗಳಿಗೂ ವಿಸ್ತರಿಸಿದರು. 20 ವರ್ಷ ಕಳೆಯುವಷ್ಟರಲ್ಲಿ ಮಕ್ಕಳಲ್ಲಿ ಅದು 100ಕ್ಕೆ ಒಂದಕ್ಕಿಂತಲೂ ಕಡಿಮೆಯಾಯಿತು. ಮಕ್ಕಳ ಲಿವರ್ ಕ್ಯಾನ್ಸರ್ ಕೂಡ ಕಡಿಮೆಯಾಯಿತು. ಕ್ಯಾನ್ಸರನ್ನು ಲಸಿಕೆಯಿಂದ ತಡೆಯಬಹುದು ಎಂದು ಜಗತ್ತಿಗೆ ಮೊದಲು ಕಾಣಿಸಿದ್ದು ಹೀಗೆ. ಆ ವರದಿಯನ್ನು ಮೊದಲ ಸಲ ಓದಿದ ದಿನ ನಾನು ವಾರ್ಡಿಗೆ ಹೋಗಿ ಸಿಕ್ಕ ನರ್ಸ್‌ಗಳಿಗೆಲ್ಲ ಹೇಳಿದ್ದೆ. ಇದನ್ನೆಲ್ಲ ನೋಡಿಯೇ ವಿಶ್ವ ಆರೋಗ್ಯ ಸಂಸ್ಥೆ, ಆರೋಗ್ಯವಂತರಿಗೆ ಹೆಪಟೈಟಿಸ್ ಬಿ ಬೂಸ್ಟರ್ ಬೇಕಿಲ್ಲ ಎನ್ನುತ್ತದೆ.

ಹಾಗಾದರೆ ಕಾಲೇಜಿನವರು ಕೇಳಿದ್ದು ತಪ್ಪಾ? ತಪ್ಪಲ್ಲ. ಇಲ್ಲಿ ನನ್ನದೇ ಒಂದು ವಿಷಯ ಹೇಳಬೇಕು.

ನಾನು ಹುಟ್ಟಿದಾಗ ಈ ಲಸಿಕೆಯೇ ಇರಲಿಲ್ಲ. ಹೌಸ್ ಸರ್ಜನ್ ಆಗಿದ್ದಾಗಲೂ ಹಾಕಿಸಿಕೊಂಡಿರಲಿಲ್ಲ, ನಾಳೆ ನಾಡಿದ್ದು ಎಂದು ಮುಂದೂಡುತ್ತಿದ್ದೆ. ಒಂದು ರಾತ್ರಿ ಡ್ಯೂಟಿಯಲ್ಲಿ ರಕ್ತ ತೆಗೆದ ಸೂಜಿಗೆ ಮುಚ್ಚಳ ಹಾಕಲು ಹೋಗಿ ಎಡಗೈ ತೋರುಬೆರಳಿಗೆ ಚುಚ್ಚಿಕೊಂಡೆ. ಕೇಸ್ ಶೀಟ್ ತೆಗೆದು ನೋಡಿದರೆ ರೋಗಿಯ ರಕ್ತದಲ್ಲಿ ಈ ವೈರಸ್ ಇದೆ, ಎಚ್‌ಬಿಎಸ್‌ಎಜಿ ಪಾಸಿಟಿವ್. ರಕ್ಷಣೆ ಇಲ್ಲದವರಿಗೆ ಇಂಥ ಸೂಜಿ ಚುಚ್ಚಿದರೆ 100ಕ್ಕೆ 30 ಮಂದಿಯವರೆಗೂ ಸೋಂಕು ತಗುಲಬಹುದು. ನಲ್ಲಿ ಕೆಳಗೆ ಬೆರಳು ಹಿಡಿದು ನಿಂತವಳಿಗೆ ಕಾಲು ನಡುಗುತ್ತಿತ್ತು. ಅದೇ ರಾತ್ರಿ ಒಂದು ಕಡೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯದ ಇಂಜೆಕ್ಷನ್), ಇನ್ನೊಂದು ಕಡೆ ಲಸಿಕೆಯ ಮೊದಲ ಡೋಸ್ ಕೊಟ್ಟರು. ಕೊನೆಯ ರಿಪೋರ್ಟ್ ಬರಲು ಆರು ತಿಂಗಳು. ಅಮ್ಮನಿಗೂ ಹೇಳಲಿಲ್ಲ. ಒಂದು ದಿನ ಹೊಟ್ಟೆ ಹಸಿಯದಿದ್ದರೂ ಕನ್ನಡಿ ಮುಂದೆ ಹೋಗಿ ಕಣ್ಣು ಹಳದಿಯಾಗಿದೆಯಾ ಎಂದು ನೋಡಿಕೊಳ್ಳುತ್ತಿದ್ದೆ. ಏನೂ ಆಗಲಿಲ್ಲ, ನೆಗೆಟಿವ್ ಬಂತು. ನನ್ನ ಫೈಲಿನಲ್ಲಿ ‘ಲಸಿಕೆ ಆಗಿದೆ, ಟೈಟರ್ 10ರ ಮೇಲೆ’ ಎಂಬ ಒಂದು ಸಾಲು ಇದ್ದಿದ್ದರೆ ಆ ಇಂಜೆಕ್ಷನ್ನೂ ಬೇಕಿರಲಿಲ್ಲ, ಆ ಆರು ತಿಂಗಳೂ ಇರುತ್ತಿರಲಿಲ್ಲ.

ನಿಮ್ಮ ಮಗಳು ಇನ್ನು ದಿನವೂ ರಕ್ತ ಮತ್ತು ಸೂಜಿಯ ನಡುವೆ ಇರುತ್ತಾಳೆ. ಅವಳಿಗೆ ನೆನಪು ಉಳಿದಿರಬಹುದು ಎಂಬ ಊಹೆ ಸಾಲದು, ಕಾಗದದಲ್ಲಿ ಬರಬೇಕು. ಎಲ್ಲವನ್ನೂ ಮೊದಲಿನಿಂದ ಶುರು ಮಾಡಬೇಕಿಲ್ಲ. ಈಗ ಒಂದು ಡೋಸ್ ಹಾಕಿಸಿ. ಒಂದರಿಂದ ಎರಡು ತಿಂಗಳ ಒಳಗೆ ಆಂಟಿ-ಎಚ್‌ಬಿಎಸ್ ಮತ್ತೆ ನೋಡಿಸಿ. 10 ಅಥವಾ ಅದರ ಮೇಲೆ ಬಂದರೆ ಮುಗಿಯಿತು. ಆಮೇಲೆ ಅವಳಿಗೆ ಮತ್ತೆ ಟೆಸ್ಟೂ ಬೇಡ, ಬೂಸ್ಟರೂ ಬೇಡ. ಹೆಚ್ಚಿನವರಿಗೆ ಇಷ್ಟಕ್ಕೇ ಏರುತ್ತದೆ. ನನ್ನ ಮಗ ಫಿಸಿಯೋಥೆರಪಿಗೆ ಸೇರುವಾಗ ಅವನದು 3 ಇತ್ತು. ಒಂದು ಡೋಸ್ ಹಾಕಿಸಿ ಐದು ವಾರ ಬಿಟ್ಟು ನೋಡಿದರೆ 400 ದಾಟಿತ್ತು. ನಾನು ಡಾಕ್ಟರಾದರೂ ಆ ರಿಪೋರ್ಟ್ ಕೈಗೆ ಬರುವ ತನಕ ನನಗೂ ಎದೆ ಡವಡವ ಅನ್ನುತ್ತಿತ್ತು, ಹಾಗಾಗಿ ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ.

ಒಂದು ಡೋಸಿಗೆ ಏರದಿದ್ದರೆ ಇನ್ನೆರಡು ಡೋಸ್ ಹಾಕಿಸಿ ಮೂರನ್ನು ಪೂರ್ತಿ ಮಾಡಿ, ಮತ್ತೆ ಒಂದೆರಡು ತಿಂಗಳಿಗೆ ಅಳೆಯುವುದು. ಆಗಲೂ ಏರದವರು ಕೆಲವರು ಇರುತ್ತಾರೆ. ಅವರಿಗೆ ಮೊದಲೇ ಸೋಂಕು ಇದೆಯೇ ಎಂದು ನೋಡಿಸಬೇಕು. ಇಲ್ಲದಿದ್ದರೆ ಕೆಲಸ ಬಿಡಬೇಕಿಲ್ಲ. ಸೂಜಿ ಚುಚ್ಚಿದ ದಿನ ತಡ ಮಾಡದೆ ಇಮ್ಯುನೊಗ್ಲಾಬ್ಯುಲಿನ್ ತೆಗೆದುಕೊಳ್ಳಬೇಕು ಎಂಬುದು ಅವರಿಗೂ ಅವರ ಆಸ್ಪತ್ರೆಗೂ ಗೊತ್ತಿರಬೇಕು, ಅಷ್ಟೇ.

ಆ ರಿಪೋರ್ಟನ್ನು ಜೋಪಾನ ಮಾಡಿ. ಫೋನಿನಲ್ಲಿ ಫೋಟೋ ತೆಗೆದಿಡಿ, ಮಗಳ ಕೈಗೂ ಒಂದು ಪ್ರತಿ ಕೊಡಿ. ಹತ್ತು ವರ್ಷ ಬಿಟ್ಟು ಬೇರೆ ಕಡೆ ಕೆಲಸಕ್ಕೆ ಸೇರುವಾಗ ಟೈಟರ್ ಮತ್ತೆ ಇಳಿದಿರಬಹುದು. ಆಗ ಇವತ್ತಿನ ಕಾಗದ ಮಾತಾಡುತ್ತದೆ.

ಮಗನ ವಿಷಯ. 11 ವರ್ಷ, ಆರೋಗ್ಯವಾಗಿದ್ದಾನೆ, ಡೋಸ್ ಎಲ್ಲ ಆಗಿದೆ ಎಂದಾದರೆ ಟೆಸ್ಟ್ ಬೇಡ. ಸುಮ್ನೆ ಮಾಡಿಸಿದರೆ ಅದೂ 10ಕ್ಕಿಂತ ಕಡಿಮೆ ಬರಬಹುದು, ಮತ್ತೆ ನಿಮ್ಮ ನಿದ್ದೆ ಹೋಗುತ್ತದೆ, ಅವನಿಗೆ ಮಾಡಬೇಕಾದ್ದು ಮಾತ್ರ ಏನೂ ಇರುವುದಿಲ್ಲ. ಉತ್ತರ ಏನೇ ಬಂದರೂ ಮಾಡುವುದು ಒಂದೇ ಎಂದಾದರೆ ಮಗುವಿನ ಕೈಗೆ ಸೂಜಿ ಚುಚ್ಚುವುದು ಯಾಕೆ, ಅಲ್ವಾ?

ಟೆಸ್ಟ್ ಬೇಕಾದ ಮಕ್ಕಳೂ ಇದ್ದಾರೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಪ್ರತಿ ವರ್ಷ ಟೈಟರ್ ನೋಡಿ, 10ಕ್ಕಿಂತ ಇಳಿದರೆ ಬೂಸ್ಟರ್ ಕೊಡುತ್ತೇವೆ. ಅವರಲ್ಲಿ ನೆನಪನ್ನೇ ನಂಬಿ ಕೂರುವ ಹಾಗಿಲ್ಲ. ಎಚ್‌ಐವಿ ಇರುವವರು, ಕ್ಯಾನ್ಸರ್ ಔಷಧಿಯಲ್ಲಿರುವವರು, ಅಂಗಾಂಗ ಕಸಿ ಆದವರು ತಮ್ಮ ಡಾಕ್ಟರನ್ನು ಕೇಳಲೇಬೇಕು. ತಾಯಿಗೆ ವೈರಸ್ ಇದ್ದು ಹುಟ್ಟಿದ ಮಕ್ಕಳ ಬಗ್ಗೆ ಮುಂದಿನ ಪತ್ರದಲ್ಲಿ ಬರೆದಿದ್ದೇನೆ, ಓದಿ.

ಪ್ರಶ್ನೆ: ಮೇಡಂ, ನನಗೆ 26 ವರ್ಷ. ಶಿಶುವಾಗಿದ್ದಾಗ ಮೂರೂ ಡೋಸ್ ಆಗಿದೆ. ನಾನು ಮದುವೆಯಾಗಬೇಕೆಂದಿರುವ ಹುಡುಗಿ ರಕ್ತದಾನ ಮಾಡಲು ಹೋದಾಗ ಅವಳಿಗೆ ಹೆಪಟೈಟಿಸ್ ಬಿ ಇದೆ ಎಂದು ಗೊತ್ತಾಯಿತು. ಅವಳೇ ನನಗೆ ಹೇಳಿದಳು. ಅವಳಿಗೆ ಯಾವ ತೊಂದರೆಯೂ ಇಲ್ಲ. ಒಂದೇ ತಟ್ಟೆಯಲ್ಲಿ ಊಟ ಮಾಡಬಾರದು, ಮಕ್ಕಳಾದರೆ ಅವಕ್ಕೂ ಬಂದೇ ಬರುತ್ತದೆ ಎಂದು ಮನೆಯವರು ಹೆದರಿಸುತ್ತಿದ್ದಾರೆ. ನನ್ನ ಹಳೆಯ ಲಸಿಕೆ ಸಾಕಾ?
— ಹೆಸರು ಬೇಡ

ಉತ್ತರ: ಮೊದಲಿಗೆ, ಅವಳು ನಿಮಗೆ ತಾನಾಗಿ ಹೇಳಿದಳಲ್ಲ, ಆ ಧೈರ್ಯಕ್ಕೆ ನನ್ನ ನಮಸ್ಕಾರ ತಿಳಿಸಿ.

ನೀವು ಆಂಟಿ-ಎಚ್‌ಬಿಎಸ್ ನೋಡಿಸಿಕೊಳ್ಳಬೇಕು. ಜೊತೆಗೆ ಬದುಕುವವರಲ್ಲಿ, ಅದರಲ್ಲೂ ಸಂಗಾತಿಯಲ್ಲಿ, ರಕ್ಷಣೆ ಖಚಿತ ಮಾಡಿಕೊಳ್ಳುವುದೇ ಸರಿ. 10ರ ಮೇಲಿದ್ದರೆ ನಿಶ್ಚಿಂತೆ. ಕಡಿಮೆ ಇದ್ದರೆ ಮೇಲಿನ ಅಮ್ಮನಿಗೆ ಹೇಳಿದ್ದೇ ನಿಮಗೂ: ಒಂದು ಡೋಸ್, ಒಂದೆರಡು ತಿಂಗಳಿಗೆ ಟೆಸ್ಟ್. ಅಲ್ಲಿಯ ತನಕ ಕಾಂಡೋಮ್ ಬಳಸಿ.

ತಟ್ಟೆ, ಲೋಟ, ಅಪ್ಪುಗೆ, ಕೆಮ್ಮು, ಒಂದೇ ಬಾತ್‌ರೂಮ್, ಇವುಗಳಿಂದ ಇದು ಹರಡುವುದಿಲ್ಲ. ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ಹರಡುತ್ತದೆ. ರೇಜರ್, ಟೂತ್‌ಬ್ರಶ್, ಉಗುರು ಕತ್ತರಿಸುವ ಕಟರ್ ಮಾತ್ರ ಬೇರೆ ಬೇರೆ ಇರಲಿ. ಈ ವೈರಸ್ ಒಣಗಿದ ರಕ್ತದಲ್ಲೂ ಕನಿಷ್ಠ 7 ದಿನ ಬದುಕಿರುತ್ತದೆ. ಗಾಯವಾದರೆ ಮುಚ್ಚಿಕೊಳ್ಳಬೇಕು, ರಕ್ತ ಬಿದ್ದರೆ ಬ್ಲೀಚ್ ಹಾಕಿ ಒರೆಸಬೇಕು.

ಮಕ್ಕಳಿಗೆ ಬಂದೇ ಬರುತ್ತದೆ ಎಂಬುದು ಲಸಿಕೆ ಇಲ್ಲದ ಕಾಲದ ಮಾತು. ಗರ್ಭಿಣಿಯಾದಾಗ ಅವಳ ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ನೋಡುತ್ತಾರೆ. 2 ಲಕ್ಷ ಯೂನಿಟ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ 28ನೇ ವಾರದಿಂದ ವೈರಸ್ ತಗ್ಗಿಸುವ ಟೆನೊಫೊವಿರ್ ಮಾತ್ರೆ ಕೊಡುತ್ತಾರೆ. ಮಗು ಹುಟ್ಟಿದ ಕೂಡಲೇ ಲಸಿಕೆ, ಜೊತೆಗೆ ಇಮ್ಯುನೊಗ್ಲಾಬ್ಯುಲಿನ್. 24 ಗಂಟೆ ದಾಟಬಾರದು, ಮೊದಲ 12 ಗಂಟೆಯೊಳಗೇ ಆದರೆ ಬಹಳ ಒಳ್ಳೆಯದು. ಎದೆಹಾಲು ಧಾರಾಳವಾಗಿ ಕೊಡಬಹುದು. ಉಳಿದ ಡೋಸ್‌ಗಳು ಒಂದೂ ತಪ್ಪಬಾರದು. 9ರಿಂದ 12 ತಿಂಗಳ ಒಳಗೆ ಮಗುವಿನ ರಕ್ತ ಪರೀಕ್ಷಿಸಿ, ಸೋಂಕು ಇಲ್ಲ ಮತ್ತು ಪ್ರತಿಕಾಯ ಇದೆ ಎಂದು ಖಚಿತ ಮಾಡಿಕೊಳ್ಳಬೇಕು. ಈ ಪರೀಕ್ಷೆಯನ್ನು ತುಂಬಾ ಜನ ಮರೆಯುತ್ತಾರೆ. ಲಸಿಕೆ ಆದ ಮೇಲೂ ಸೋಂಕು ಉಳಿದ ಅಪರೂಪದ ಮಕ್ಕಳಲ್ಲಿ ಹೆಚ್ಚಿನವರು ಇಂಥ ತಾಯಂದಿರ ಮಕ್ಕಳೇ, ಹಾಗಾಗಿ ಇದನ್ನು ಬಿಡಬೇಡಿ.

ನನ್ನ ಕೈಯಲ್ಲಿ ಹೀಗೆ ಹುಟ್ಟಿದ ಒಬ್ಬ ಹುಡುಗನಿಗೆ ಈಗ 17 ವರ್ಷ. ನಡುರಾತ್ರಿ ಹೆರಿಗೆ. ಅವನ ಅಪ್ಪ ಇಮ್ಯುನೊಗ್ಲಾಬ್ಯುಲಿನ್ನನ್ನು ಐಸ್ ಡಬ್ಬಿಯಲ್ಲಿಟ್ಟು ಓಡುತ್ತಾ ತಂದಿದ್ದರು. ಮೊನ್ನೆ ಆಟದಲ್ಲಿ ಮಂಡಿ ತರಚಿಕೊಂಡು ಬಂದಿದ್ದ, ನನಗಿಂತ ಎತ್ತರ ಬೆಳೆದಿದ್ದಾನೆ. ಅವನಲ್ಲಿ ವೈರಸ್ ಇಲ್ಲ.

ನಿಮ್ಮ ಹುಡುಗಿಗೆ ತೊಂದರೆ ಇಲ್ಲ ಎಂದು ಸುಮ್ಮನಿರಬೇಡಿ. ಲಿವರ್ ತಜ್ಞರ ಬಳಿ ಕರೆದುಕೊಂಡು ಹೋಗಿ, ಅವರು ಹೇಳಿದಷ್ಟು ತಿಂಗಳಿಗೊಮ್ಮೆ ರಕ್ತ, ಸ್ಕ್ಯಾನ್ ನೋಡಿಸುತ್ತಿರಬೇಕು.

ಪ್ರಶ್ನೆ: ಮಗುವಿಗೆ 14 ತಿಂಗಳು. ಹೆಪಟೈಟಿಸ್ ಬಿ ಕೊನೆಯ ಡೋಸ್ ತಪ್ಪಿಹೋಗಿದೆ. ಮೊದಲಿನಿಂದ ಶುರು ಮಾಡಬೇಕೇ? ಇನ್ನೊಂದು: ಎಚ್‌ಬಿಎಸ್‌ಎಜಿ ಟೆಸ್ಟ್ ಮಾಡಿಸಿದೆವು, ನೆಗೆಟಿವ್ ಬಂದಿದೆ. ಹಾಕಿಸಿದ ಎರಡು ಡೋಸ್ ಹಿಡಿದಿಲ್ಲ ಎಂದಾ?
— ಗಾಬರಿಯಾದ ಅಪ್ಪ

ಉತ್ತರ: ಮೊದಲಿನಿಂದ ಬೇಡ. ಬಿಟ್ಟುಹೋದ ಡೋಸನ್ನು ಹಾಕಿಸಿ, ಅಲ್ಲಿಗೆ ಪೂರ್ತಿಯಾಯಿತು. ಹಿಂದಿನ ಡೋಸ್‌ಗಳ ನೆನಪು ಮಗುವಿನ ಮೈಯಲ್ಲಿ ಕಾಯುತ್ತಿರುತ್ತದೆ.

ನೆಗೆಟಿವ್ ಬಂದದ್ದು ಒಳ್ಳೆಯ ಸುದ್ದಿ. ಎಚ್‌ಬಿಎಸ್‌ಎಜಿ ನೋಡುವುದು ವೈರಸ್ ಇದೆಯೇ ಎಂದು. ರಕ್ಷಣೆ ಇದೆಯೇ ಎಂದು ನೋಡುವುದು ಆಂಟಿ-ಎಚ್‌ಬಿಎಸ್. ಹೆಸರು ಹತ್ತಿರ ಹತ್ತಿರ ಇರುವುದರಿಂದ ಲ್ಯಾಬಿನ ಕೌಂಟರಿನಲ್ಲೂ ಅದಲುಬದಲಾಗುತ್ತದೆ, ಚೀಟಿ ಓದಿ ನೋಡಿ. ಇನ್ನೊಂದು ವಿಷಯ, ಲಸಿಕೆ ಹಾಕಿಸಿದ ಸುಮಾರು 18 ದಿನದವರೆಗೂ ಲಸಿಕೆಯಲ್ಲಿರುವ ಅಂಶದಿಂದಲೇ ಎಚ್‌ಬಿಎಸ್‌ಎಜಿ ತಪ್ಪಾಗಿ ಪಾಸಿಟಿವ್ ಬರಬಹುದು. ಹಾಗಾಗಿ ಈಗ ಡೋಸ್ ಹಾಕಿಸಿದ ಕೂಡಲೇ ಮತ್ತೆ ಟೆಸ್ಟ್ ಮಾಡಿಸಲು ಹೋಗಬೇಡಿ. ಆರೋಗ್ಯವಂತ ಮಗು, ತಾಯಿಗೂ ವೈರಸ್ ಇಲ್ಲ ಎಂದಾದರೆ ಯಾವ ಟೆಸ್ಟೂ ಬೇಕಿಲ್ಲ. ನಾಳೆ ಬೆಳಗ್ಗೆ ಕಾರ್ಡು ಹಿಡಿದು ಮಗುವನ್ನು ಕರೆದುಕೊಂಡು ಹೋಗಿ ಆ ಡೋಸ್ ಹಾಕಿಸಿ.